ಹಿಂದಿನ ಓಣಿಯ ಹನ್ನೆರಡು ಹಾಳೆಗಳು

ಆಗ ನನಗೆ ಅರವತ್ತೊಂದು ವರ್ಷ. ಈ ಮಾತಿಗೆ ಈಗ ಏಳು ವರ್ಷವಾಯಿತು. ಬೀದರಿನ ಚಿದ್ರಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹನ್ನೆರಡು ಮನೆಗಳಿವೆ. ಆ ಹನ್ನೆರಡು ಮನೆಗಳ ನೀರಿನ ಲೆಕ್ಕವನ್ನು ನಾನು ಸುಳ್ಳು ಬರೆದೆ. ಒಂದು ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ನನ್ನ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು, ಒಂದೇ ಮಧ್ಯಾಹ್ನದಲ್ಲಿ ಹನ್ನೆರಡೂ ಹಾಳೆ ತುಂಬಿಸಿದೆ. ಅದರಿಂದ ಆಗಬಾರದ್ದು ಆಯಿತು — ಇನ್ನೂ ಆಗುತ್ತಿದೆ.

ನನ್ನ ಹೆಸರು ಎಸ್ತರಮ್ಮ. ಓದಿದ್ದು ಮೂರನೇ ಈಯತ್ತೆ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಇದನ್ನು ನಾನೇ ಬರೆಯುತ್ತಿದ್ದೇನೆ. ಪಾದ್ರಿಯ ಮಗಳು ಕಾಗುಣಿತ ತಿದ್ದಿ ಕೊಡುತ್ತೇನೆ ಎಂದಿದ್ದಾಳೆ. ಕಾಗುಣಿತ ತಿದ್ದಲಿ. ಮಾತು ತಿದ್ದುವುದು ಬೇಡ.

ಆ ವರ್ಷ ಸ್ನೇಹಾ ಎಂಬ ಹುಡುಗಿ ನಮ್ಮ ಚರ್ಚಿನ ಹೆಂಗಸರ ಕೂಟಕ್ಕೆ ಬಂದಳು. ಮೈಲೂರದವಳು. ಇಂಜಿನಿಯರಿಂಗ್ ಓದಿ, ನೀರಿನ ಪೈಪು ಹಾಕಿಸುವವರಿಗೆ ಲೆಕ್ಕ ಮಾಡಿಕೊಡುವ ಕೆಲಸದಲ್ಲಿದ್ದಳು. ಓಣಿಯ ಮಂದಿಯನ್ನೆಲ್ಲ ಬಲ್ಲವಳು ಒಬ್ಬಳು ಬೇಕು ಎಂದಳು. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಅರ್ಧ ಚಿದ್ರಿಯ ಮಕ್ಕಳನ್ನು ಮೊದಲು ಎತ್ತಿಕೊಂಡವಳು ನಾನು — ಬಲ್ಲೆ.

ಅವಳು ನನ್ನ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ತಿಳಿಸಿ ಹೇಳಿದಳು.

"ಆಯಿ, ಮೊದಲಿನವರು ಏನ್ ಮಾಡ್ತಿದ್ರು ಗೊತ್ತದೇನ್ರಿ? ಊರಾಗ ಎಷ್ಟು ತಲಿ ಅವ ಅಂತ ಎಣಸ್ತಿದ್ರು. ತಲಿಗಿ ಇಷ್ಟು ನೀರು ಅಂತ ಗುಣಿಸಿ ಪೈಪ್ ಹಾಕ್ತಿದ್ರು. ಬರೀ ತಲಿ ಎಣಿಸಿದ್ರ ನೀರು ಬರ್ತದೇನ್ರಿ?"

"ತಲಿ ಮ್ಯಾಲೇ ಬರ್ತದವ್ವಾ, ಕೊಡ ಹೊತ್ತವರನ್ನ ಕೇಳು," ಎಂದೆ. ಹುಡುಗಿ ಹೊಟ್ಟೆ ಹಿಡಿದು ನಕ್ಕಳು.

ಆಮೇಲೆ ತೋರಿಸಿದಳು. ಕಂಪ್ಯೂಟರಿನ ಒಳಗೆ ಇನ್ನೊಂದು ಚಿದ್ರಿ ಕಟ್ಟುತ್ತಾರೆ. ಅದೇ ಓಣಿಗಳು, ಅದೇ ನಳಗಳು. ನೀರು ತರುವ ಒಬ್ಬೊಬ್ಬಳಿಗೂ ಒಂದೊಂದು ಗೊಂಬೆ. ಗೊಂಬೆ ಎಂದರೆ ಸಾಸಿವೆ ಕಾಳಿನಷ್ಟು ಒಂದು ಚುಕ್ಕೆ, ಅಷ್ಟೇ. ಆದರೆ ಆ ಚುಕ್ಕೆ ತನ್ನ ಹೊತ್ತಿಗೆ ಏಳುತ್ತದೆ, ನಳಕ್ಕೆ ಹೋಗುತ್ತದೆ, ಸಾಲಿನಲ್ಲಿ ನಿಲ್ಲುತ್ತದೆ. ನೀರು ನಿಂತರೆ ಇನ್ನೊಂದು ನಳ ಹುಡುಕುತ್ತದೆ. ಅಲ್ಲೂ ಇಲ್ಲದಿದ್ದರೆ ಬರಿ ಕೊಡ ಹೊತ್ತು ಮನೆಗೆ ಬರುತ್ತದೆ. ಒಂದರಂತೆ ಇನ್ನೊಂದಿಲ್ಲ. ಒಬ್ಬಳಿಗೆ ಕೂಸು, ಒಬ್ಬಳಿಗೆ ಎಮ್ಮೆ, ಒಬ್ಬಳಿಗೆ ಎಂಟಕ್ಕೆ ಕೆಲಸಕ್ಕೆ ಓಡುವ ಅವಸರ.

"ಪೈಪ್ ನೆಲದಾಗ ಹುಗಿಯೂಕಿಂತ ಮೊದಲ ಇಲ್ಲೇ ನೀರು ಬಿಟ್ಟು ನೋಡ್ತೇವ್ರಿ. ಎಲ್ಲಿ ಗೊಂಬಿಗೋಳು ಬರಿ ಕೊಡ ಹೊತ್ತು ಹೊಳ್ಳಿ ಬರ್ತಾವ, ಅಲ್ಲಿಗಿ ದೊಡ್ಡ ಪೈಪ್. ಈ ಗೊಂಬಿಗಿ ಜೀವ ಕೊಡೂದು ನಿಮ್ಮ ಹಾಳಿನೇ ನೋಡ್ರಿ ಆಯಿ. ನಿಮ್ಮ ಎರಡೂ ಓಣಿ ಸೇರಿ ಈ ನಲವತ್ತು ಮನಿ ನೋಡಿಯೇ ನಾವು ಇಂಥಾವೇ ಸಾವಿರಗಟ್ಟಲೆ ಮನಿ ಮಾಡ್ತೇವು."

ಸಾವಿರಗಟ್ಟಲೆ ಎಂದು ಅವಳು ಹೇಳಿದ್ದಳು. ನನಗೆ ಕೇಳಿಸಿತ್ತು. ತಿಳಿಯಲಿಲ್ಲ ಎಂದು ನಾನು ಹೇಳಲಾರೆ.

ಮನೆಗೊಂದು ಹಾಳೆ. ನನ್ನಂಥವಳಿಗೆ ತಿಳಿಯಲಿ ಎಂದು ಅದರಲ್ಲಿ ಚಿತ್ರ ಬರೆದಿದ್ದರು. ಸೂರ್ಯನ ಪಕ್ಕ ಏಳುವ ಹೊತ್ತು. ಕೊಡದ ಪಕ್ಕ ಎಷ್ಟು ಕೊಡ. ಆಮೇಲೆ ನಳ, ಕೈಪಂಪಿನ ಬೋರಿಂಗ್, ಟ್ಯಾಂಕರ್ — ಯಾವುದರಿಂದ. ಯಾವ ಓಣಿಯಲ್ಲಿ ನಳ ಇದೆ ಎಂಬುದೂ ಈ ಹಾಳೆಯಿಂದಲೇ ಕಂಪ್ಯೂಟರಿಗೆ ಹೋಗುತ್ತಿತ್ತು. ಕೊನೆಗೆ ಸಾಲಾಗಿ ನಿಂತ ಹೆಂಗಸರ ಚಿತ್ರ — ಕಾಯುವುದು ಎಷ್ಟು ಹೊತ್ತು.

ನಮ್ಮ ಮುಂದಿನ ಓಣಿಯ ಇಪ್ಪತ್ತೆಂಟು ಮನೆ ಸರಿಯಾಗಿ ಬರೆದೆ. ದೇವರ ಮುಂದೆ ಹೇಳುತ್ತೇನೆ, ಸರಿಯಾಗಿ ಬರೆದೆ. ಒಂದು ಮನೆಯಲ್ಲಿ ಸೊಸೆ ಆರು ಕೊಡ ಎಂದಳು, ಒಳಗಿನಿಂದ ಅತ್ತೆ, "ಆರೇನ, ಹತ್ತು ಬರೀರಿ! ಈಕಿ ಕೂದಲ ತೊಳ್ಯಾಕೇ ನಾಕು ಬೇಕು!" ಎಂದು ಕೂಗಿದಳು. ನಾನು ಕೊಡ ಎಣಿಸಿ ಎಂಟು ಬರೆದೆ. ಎಲ್ಲ ಮನೆಯಲ್ಲೂ ಚಾ. ನಮ್ಮ ಕಡೆ ಒಂದು ಮನೆಗೆ ಹೋಗಿ ಕೂತು, ಅವರ ನೀರು ಮುಟ್ಟದೆ ಎದ್ದರೆ ಅದು ಬೈದ ಹಾಗೆ. ಮಾತು ಬಿಟ್ಟವರು ಮಾತ್ರ ಹಾಗೆ ಮಾಡುತ್ತಾರೆ. ಮಾತು ಬಿಟ್ಟವರ ಮನೆಯ ನೀರು ಕುಡಿದರೆ ಜಗಳ ಮುಗಿಯಿತು ಎಂದು ಅರ್ಥ — ಯಾರು ಕುಡಿದರೋ ಅವರು ಸೋತರು ಎಂದು ಅರ್ಥ.

ಹಿಂದಿನ ಓಣಿಯ ಕೊನೆಯ ಮನೆ ರತ್ನಾಬಾಯಿಯದು. ಅವಳೊಂದಿಗೆ ನಾನು ಮಾತು ಬಿಟ್ಟು ಆಗಲೇ ಹದಿನಾರು ವರ್ಷವಾಗಿತ್ತು.

ಅವಳೂ ಆಯಾ. ಇಬ್ಬರದೂ ಒಂದೇ ವಾರ್ಡು, ಒಂದೇ ಪಾಳಿ. ಒಂದೇ ಡಬ್ಬಿಯಲ್ಲಿ ರೊಟ್ಟಿ ತಿಂದವರು. ನನ್ನ ಗಂಡ ಸತ್ತ ಮೂರನೇ ದಿನ ಅವಳು ನಮ್ಮ ಮನೆಗೆ ಬುತ್ತಿ ತಂದಳು. ಅಂಗಳದ ತುಂಬ ಮಂದಿ. ನಾನು ಊಟ ಬೇಡ ಎಂದೆ. ಅವಳು ಎಲ್ಲರ ಮುಂದೆ, "ತಿನ್ನು ತಿನ್ನು. ಕುಡಿಯೂದಂತೂ ನಿನ್ನ ಗಂಡ ನಿನ್ನ ಪಾಲಿಂದೂ ಕುಡದು ಹೋಗ್ಯಾನ," ಎಂದಳು.

ಮಂದಿ ನಕ್ಕರು. ಸಾವಿನ ಮನೆಯಲ್ಲಿ ನಕ್ಕರು. ಅವಳು ಹೇಳಿದ್ದು ಖರೇನೇ ಇತ್ತು, ಅದಕ್ಕೇ ನಕ್ಕರು. ನಾನು ಅವಳ ಬುತ್ತಿ ಎತ್ತಿ ಓಣಿಗೆ ಚೆಲ್ಲಿದೆ. ಅವತ್ತಿನಿಂದ — ಒಂದೇ ಚರ್ಚು, ಒಂದೇ ಸಾಲಿನ ಚಾಪೆ, ಆದರೂ ಮಾತಿಲ್ಲ.

ಈಗ ಅವಳ ಮನೆಗೆ ಹೋಗಿ ಕೂತು, ನೀನು ಎಷ್ಟು ಕೊಡ ನೀರು ತರುತ್ತೀ ಎಂದು ನಾನು ಕೇಳಬೇಕು. ಅವಳು ಒಂದು ತಂಬಿಗೆ ತಂದು ಮುಂದಿಡುತ್ತಾಳೆ. ಕುಡಿದರೆ ಸೋತೆ. ಅವಳದೊಂದು ಮನೆ ಬಿಟ್ಟರೆ ಮಿಕ್ಕ ಹನ್ನೊಂದು ಮನೆಯವರು ಯಾಕೆ ಬಿಟ್ಟೆ ಎಂದು ಕೇಳುತ್ತಾರೆ. ಹಾಗಾಗಿ ಓಣಿಗೇ ಹೋಗಲಿಲ್ಲ.

ಮೊಣಕಾಲು ನೋಯುತ್ತಿತ್ತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮೊಣಕಾಲು ಇಪ್ಪತ್ತೆಂಟು ಮನೆಗೆ ನೋಯಲಿಲ್ಲ.

ಹಾಳೆ ಮುಂದಿಟ್ಟುಕೊಂಡು ಕೂತಾಗ ಏನು ಬರೆಯಬೇಕು ತಿಳಿಯಲಿಲ್ಲ. ಸುಳ್ಳು ಹುಟ್ಟಿಸುವುದಕ್ಕೂ ಒಂದು ಬುದ್ಧಿ ಬೇಕು. ನನಗೆ ಗೊತ್ತಿದ್ದ ದಿನ ಒಂದೇ — ನನ್ನದು. ಅದನ್ನೇ ಬರೆದೆ. ಏಳುವುದು ಐದಕ್ಕೆ. ನಾಲ್ಕು ಕೊಡ. ಬಾಗಿಲ ಮುಂದಿನ ನಳ. ಕಾಯುವುದು — ಇಲ್ಲ. ಹನ್ನೆರಡು ಸಲ ಅದನ್ನೇ ಬರೆದೆ. ಆ ಓಣಿಯಲ್ಲಿ ನಳವೇ ಇರಲಿಲ್ಲ. ಅವರು ಕತ್ತಲಿರುವಾಗಲೇ ಎದ್ದು, ದೊಡ್ಡ ರಸ್ತೆ ದಾಟಿ, ಆಚೆಯ ಬೋರಿಂಗಿಗೆ ಹೋಗಿ ಸಾಲು ಹಚ್ಚುತ್ತಿದ್ದರು. ನನಗೆ ಗೊತ್ತಿತ್ತು. ಮಲಗಿದಲ್ಲೇ ಅವರ ಕೊಡಗಳ ಸಪ್ಪಳ ನನಗೆ ಕೇಳಿಸುತ್ತಿತ್ತು. ಎರಡು ಸಾಲು ಖರೆ ಬರೆದಿದ್ದರೂ ಸಾಕಿತ್ತು, ಆದರೆ —

ಆದರೆ ಏನು? ಏನೂ ಇಲ್ಲ. ಬರೆಯಲಿಲ್ಲ.

ವಾರದ ನಂತರ ಸ್ನೇಹಾ ಬಂದಳು. ಗೊಂಬೆಗಳು ತಯಾರಾಗಿದ್ದವು. ನೋಡ್ರಿ ಆಯಿ, ನಿಮ್ಮ ಚಿದ್ರಿ ಏಳ್ತದ ಎಂದು ಗುಂಡಿ ಒತ್ತಿದಳು. ನಮ್ಮ ಓಣಿಯ ಚುಕ್ಕೆಗಳು ಒಂದೊಂದಾಗಿ ಎದ್ದವು. ಒಂದು ಬೇಗ, ಒಂದು ತಡ, ಒಂದು ಅರ್ಧ ದಾರಿಯಿಂದ ಹೊಳ್ಳಿ ಬಂತು. ಖರೇ ಮಂದಿಯ ಹಾಗೇ ಇದ್ದವು. ಹಿಂದಿನ ಓಣಿ ಮಾತ್ರ ಸುಮ್ಮನಿತ್ತು. ಐದಾದ ಕೂಡಲೇ ಹನ್ನೆರಡೂ ಚುಕ್ಕೆ ಒಟ್ಟಿಗೆ ಎದ್ದವು, ಒಟ್ಟಿಗೆ ಬಾಗಿಲಿಗೆ ಬಂದವು, ಒಟ್ಟಿಗೆ ಒಳಗೆ ಹೋದವು. ಹನ್ನೆರಡು ಎಸ್ತರಮ್ಮ. ಯಾರಿಗೂ ಏನೂ ಕಡಿಮೆ ಇಲ್ಲ, ಯಾರದೂ ತಕರಾರಿಲ್ಲ.

"ಆಯಿ," ಎಂದಳು ಹುಡುಗಿ, ಹುಬ್ಬು ಗಂಟು ಹಾಕಿ. "ಇದೇನ್ರಿ? ಹನ್ನೆರಡೂ ಮಂದಿ ಒಂದೇ ಹೊತ್ತಿಗಿ ಏಳ್ತಾರ?"

ಖರೆ ಹೇಳಲಿಕ್ಕೆ ಅದೇ ಹೊತ್ತು. ಅದೊಂದೇ ಹೊತ್ತು ದೇವರು ನನಗೆ ಕೊಟ್ಟದ್ದು. ನಾನು ಅಂದೆ —

"ಐದಕ್ಕ ಚರ್ಚಿನ ಗಂಟಿ ಹೊಡೀತದಲ್ಲವ್ವಾ. ಆ ಓಣಿ ಮಂದಿಯೆಲ್ಲಾ ಗಂಟಿಗೇ ಏಳ್ತಾರ."

"ಅಬ್ಬಾ, ಎಷ್ಟು ಶಿಸ್ತಿನ ಮಂದಿ!" ಎಂದು ಅವಳು ಅದನ್ನೂ ಬರೆದುಕೊಂಡಳು. ಗಂಟೆಗೆ ಏಳುವವರು. ದೇವರ ಗಂಟೆಯನ್ನೇ ನನ್ನ ಸುಳ್ಳಿಗೆ ಸಾಕ್ಷಿ ಹಾಕಿದೆ.

ಎರಡು ವರ್ಷದ ಮೇಲೆ ಪೈಪು ಬಂತು. ನಮ್ಮ ಓಣಿಗೆ ಅಗಲದ್ದು. ಹಿಂದಿನ ಓಣಿಗೆ ಕೈಬೆರಳಿನಷ್ಟು ದಪ್ಪದ್ದು. ಮೊದಲ ನಾಲ್ಕು ಮನೆಗೆ ದಾರದಂತೆ ನೀರು. ಮಿಕ್ಕ ಎಂಟು ಮನೆಯ ನಳದಲ್ಲಿ ಬರೀ ಗಾಳಿ. ಅವರು ಕಚೇರಿಗೆ ಹೋಗಿ ಬಾಯಿ ಮಾಡಿದರು. ನಿಮ್ಮ ಓಣಿಗೆ ಕೊರತೆಯೇ ಇಲ್ಲ ಎಂದು ಕಂಪ್ಯೂಟರ್ ಹೇಳುತ್ತದೆ, ನಿಮ್ಮಲ್ಲೇ ಯಾರೋ ಮೋಟಾರು ಹಚ್ಚಿ ಎಳೆಯುತ್ತಿದ್ದಾರೆ, ಹುಡುಕಿಕೊಳ್ಳಿ ಎಂದು ಅಲ್ಲಿ ಹೇಳಿ ಕಳಿಸಿದರು. ಅವರು ಹುಡುಕಿದರು. ಒಬ್ಬರ ಮನೆಯೊಳಗೆ ಒಬ್ಬರು ನುಗ್ಗಿದರು. ಅಕ್ಕತಂಗಿಯರಂತೆ ಇದ್ದವರು ಜುಟ್ಟು ಹಿಡಿದುಕೊಂಡರು. ನಾನು ನನ್ನ ಕಟ್ಟೆಯ ಮೇಲೆ ಕೂತು ಆ ಬೈಗುಳ ಕೇಳಿದೆ. ಯಾರ ಮನೆಯಲ್ಲೂ ಮೋಟಾರು ಸಿಗಲಿಲ್ಲ.

ಅವರು ಮತ್ತೆ ರಸ್ತೆ ದಾಟಿ ಬೋರಿಂಗಿಗೇ ಹೋದರು. ರತ್ನಾಬಾಯಿಯೂ ಹೋದಳು. ಸೊಸೆ ಸುನೀತಾ ಕೂಲಿಗೆ ಹೋದ ದಿನ ಮುದುಕಿಯೇ ಕೊಡ ಹೊರುತ್ತಿದ್ದಳು. ಬೋರಿಂಗಿನ ಕಟ್ಟೆಯ ಪಾಚಿಯ ಮೇಲೆ ಜಾರಿ ಬಿದ್ದಳು. ಸೊಂಟದ ಎಲುಬು ಮುರಿಯಿತು. ಮೂರು ವರ್ಷ ಹಾಸಿಗೆ.

ಹಾಸಿಗೆ ಹಿಡಿದವರಿಗೆ ಎಷ್ಟು ನೀರು ಬೇಕು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಮೂವತ್ತು ವರ್ಷ ಅದೇ ಕೆಲಸ. ಎರಡು ತಾಸಿಗೊಮ್ಮೆ ಹೊರಳಿಸಬೇಕು, ಬೆನ್ನು ಒರೆಸಬೇಕು, ಹಾಸಿದ ದುಪಟಿ ಬದಲಿಸಬೇಕು, ಒಗೆಯಬೇಕು. ದಿನಕ್ಕೆ ಎಂಟು ಕೊಡ, ಒಂಬತ್ತು ಕೊಡ, ಆ ಒಂದು ಮೈಗೇ. ನಾಲ್ಕರಲ್ಲಿ ಆಗುವುದಿಲ್ಲ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು — ನಾವಿಬ್ಬರೂ ಅದನ್ನು ಒಂದೇ ವಾರ್ಡಿನಲ್ಲಿ ಕಲಿತವರು.

ಆ ನಡುವೆ ಒಂದು ದಿನ ಸ್ನೇಹಾ ಫೋನ್ ಮಾಡಿದಳು. ಖುಷಿಯಲ್ಲಿದ್ದಳು. "ಆಯಿ, ನಿಮ್ಮ ಚಿದ್ರಿ ಲೆಕ್ಕ ಭಾಳ ಚಲೋ ಇತ್ರಿ. ಅವೇ ಗೊಂಬಿಗೋಳನ್ನ ಭಾಲ್ಕಿಗೂ ಹಚ್ಚೀವಿ. ಮುಂದ ಔರಾದ." ನಾನು ಚಲೋ ಆಯ್ತವ್ವಾ ಎಂದೆ. ಬೇರೆ ಏನು ಅಂದೆ ನೆನಪಿಲ್ಲ.

ನನ್ನ ತವರು ಭಾತಂಬ್ರಾ. ತಂಗಿ ಪ್ರೇಮಮ್ಮನನ್ನು ಭಾಲ್ಕಿಗೆ ಕೊಟ್ಟಿದ್ದಾರೆ. ಬೇಸಿಗೆಯಲ್ಲಿ ಅವಳ ಮನೆಗೆ ಹೋದೆ. ಅವಳ ಬಾಗಿಲಿಗೆ ಹೊಸ ನಳ. ತಿರುವಿದರೆ ಒಂದಿಷ್ಟು ಕೆಮ್ಮಿ ಸುಮ್ಮನಾಗುತ್ತದೆ. ತಂಗಿ ರೊಟ್ಟಿ ಬಡಿಯುತ್ತ, "ಕಚೇರ್ಯಾಗ ಹೇಳ್ತಾರ, ನಮ್ಮ ಓಣಿಗಿ ನೀರಿನ ಗರಜೇ ಇಲ್ಲಂತಕ್ಕಾ. ಗಂಟಿ ಹೊಡದಂಗ ಎದ್ದು ನಾಕು ಕೊಡದಾಗ ಸಂಸಾರ ಮಾಡ್ತೀವಂತ. ಯಾವ ರಂಡಿ ಲೆಕ್ಕ ಕೊಟ್ಟಾಳೋ, ಆಕಿ ಬಾಯಾಗ ಮಣ್ಣು ಬೀಳ್ಲಿ," ಎಂದಳು. "ತಿನ್ನಕ್ಕಾ, ಯಾಕ ಬಿಟ್ಟಿ?"

ತಿಂದೆ. ನನ್ನ ತಂಗಿಯ ಕೈಯ ರೊಟ್ಟಿ, ನನ್ನ ತಂಗಿಯ ಶಾಪ, ಎರಡೂ ತಿಂದೆ.

ಹೋದ ವರ್ಷ ರತ್ನಾಬಾಯಿ ಸತ್ತಳು. ನಮ್ಮ ಚರ್ಚಿನಲ್ಲಿ ಹೆಂಗಸರ ಹೆಣ ತೊಳೆಯುವವಳು ನಾನೇ. ಹೇಳಿ ಕಳಿಸಿದರು. ಸತ್ತವರೊಂದಿಗೆ ಮಾತು ಬಿಡುವ ಪದ್ಧತಿ ಇಲ್ಲ. ಹೋದೆ.

ಸುನೀತಾ ಒಂದೂವರೆ ಬಕೆಟ್ ನೀರು ತಂದಿಟ್ಟಳು. "ಇಷ್ಟೇ ಅದರಿ ಆಯಿ. ಬೋರಿಂಗಿಗಿ ಕಳಿಸೀನಿ, ತಡ ಆಗ್ತದ." ಸಾಕು ಎಂದೆ. ರತ್ನಾಬಾಯಿಯನ್ನು ಹೊರಳಿಸಿದೆ. ಬೆನ್ನು ನೋಡಿದೆ.

ಅದನ್ನು ಇಲ್ಲಿ ಬರೆಯುವುದಿಲ್ಲ. ಆಯಾ ಆದವರಿಗೆ ಗೊತ್ತಾಗುತ್ತದೆ. ತೊಳೆಯದ ಹಾಸಿಗೆಯಿಂದ ಬರುವ ಹುಣ್ಣು ಅದು. ನಮ್ಮ ವಾರ್ಡಿನಲ್ಲಿ ರೋಗಿಗೆ ಅಂಥ ಹುಣ್ಣಾದರೆ ಇದೇ ರತ್ನಾಬಾಯಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಸೊಸೆಯ ತಪ್ಪಿರಲಿಲ್ಲ. ಮೂಲೆಯಲ್ಲಿ ಒಗೆಯಲು ನೀರಿಲ್ಲದೆ ಬಿದ್ದ ದುಪಟಿಗಳ ರಾಶಿ ನಾನೇ ನೋಡಿದೆ. ಒಂದೂವರೆ ಬಕೆಟಿನಲ್ಲಿ ನನ್ನ ಗೆಳತಿಯನ್ನು ತೊಳೆದೆ. ಕೂದಲಿಗೆ ನೀರು ಸಾಲಲಿಲ್ಲ. ಒದ್ದೆ ಅರಿವೆಯಿಂದ ಒರೆಸಿದೆ.

ಹೊರಗೆ ಬಂದಾಗ ಸುನೀತಾ ಒಂದು ತಂಬಿಗೆ ನೀರು ಕೊಟ್ಟಳು. ಕುಡಿದೆ. ಸೋತದ್ದು ಯಾರಿಗೂ ಕಾಣಲಿಲ್ಲ. ನೋಡಬೇಕಾದವಳು ಒಳಗೆ ಮಲಗಿದ್ದಳು.

ಮಣ್ಣು ಮಾಡಿ ಬಂದ ಮೇಲೆ ಸ್ನೇಹಾಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾನಾದ್ರೂ ಒಂದ್ ಸಲ ಆ ಓಣಿಗಿ ಹೋಗಿ ನೋಡಬೇಕಿತ್ತು ಆಯಿ," ಎಂದಳು ಅವಳು. ಇರಬಹುದು. ಅವಳ ಪಾಲು ಅವಳಿಗೆ. ಅದರಿಂದ ನನ್ನದು ಕಮ್ಮಿಯಾಗುವುದಿಲ್ಲ. ಭಾಲ್ಕಿಯದು ನೆಲದೊಳಗೆ ಹೋಗಿಯಾಗಿದೆ, ಔರಾದದ್ದು ಇನ್ನೂ ಕಾಗದದ ಮೇಲಿದೆ ಎಂದಳು. ಹಂಗಿದ್ರ ಹರಿದು ಹಾಕು ಎಂದೆ. ಅದು ತನ್ನ ಕೈಯಲ್ಲಿಲ್ಲ, ಮೇಲಿನವರಿಗೆ ಹೇಳುತ್ತೇನೆ ಎಂದಳು. ವಾರಕ್ಕೊಮ್ಮೆ ಕೇಳುತ್ತೇನೆ. "ಹೇಳೀನ್ರಿ ಆಯಿ" ಎನ್ನುತ್ತಾಳೆ. ಮತ್ತೆ ಲೆಕ್ಕ ಬರೆದುಕೊಳ್ಳಲು ಯಾರೂ ಬಂದಿಲ್ಲ, ಯಾರನ್ನೂ ಕೇಳಿಲ್ಲ.

ತಾಳಲಾರದೆ ಹೋದ ತಿಂಗಳು ಬಸ್ಸು ಹತ್ತಿ ಔರಾದಕ್ಕೇ ಹೋದೆ. ಯಾವ ಓಣಿ, ಯಾರ ಮನೆ, ಒಂದೂ ಗೊತ್ತಿಲ್ಲ. ಒಂದು ನಳದ ಹತ್ತಿರ ಹೆಂಗಸರು ನಿಂತಿದ್ದರು. ಇವರಲ್ಲಿ ಯಾರು ಯಾರು ಕಂಪ್ಯೂಟರಿನಲ್ಲಿ ನಾನಾಗಿದ್ದಾರೆ ಎಂದು ಮುಖ ನೋಡುತ್ತ ನಿಂತೆ. ಕೊನೆಗೆ ಕೂಗಿ ಹೇಳಿದೆ — ನಿಮ್ಮ ಲೆಕ್ಕ ಸುಳ್ಳದ, ನಾನೇ ಬರದೀನಿ, ನೀವು ಎಷ್ಟಕ್ಕ ಏಳ್ತೀರಿ ಕಚೇರಿಗಿ ಹೋಗಿ ಹೇಳ್ರಿ!

ಒಬ್ಬಳು, "ಏ ಮುದುಕೀ, ಬಿಸಿಲಿಗಿ ತಲಿ ಕೆಟ್ಟದೇನ?" ಎಂದು ನಕ್ಕಳು. ಇನ್ನೊಬ್ಬಳು ಗದರಿಸಿದಳು, "ಸುಮ್ಮನಿರೇ, ಯಾರ ತಾಯಿನೋ ಏನೋ. ಇಲ್ಲಿ ಕೂಡ್ರು ಆಯಿ, ನೀರು ಕುಡಿ." ತಾಸುಗಟ್ಟಲೆ ಸಾಲಿನಲ್ಲಿ ನಿಂತು ಹಿಡಿದ ಕೊಡದಿಂದ ನನಗೆ ಬಗ್ಗಿಸಿ ಕೊಟ್ಟಳು.

ಅದಕ್ಕೇ ಬರೆಯುತ್ತಿದ್ದೇನೆ. ಬರೆದದ್ದರಿಂದ ಹಾಳಾದದ್ದು, ಬರೆದೇ ಹೇಳಬೇಕು. ಔರಾದದಲ್ಲಿ ಓದು ಬಲ್ಲವರು ಯಾರಾದರೂ ಇದನ್ನು ಓದಿದರೆ, ನಿಮ್ಮ ಓಣಿಯ ಹೆಂಗಸರನ್ನು ಕರೆದುಕೊಂಡು ಹೋಗಿ. ಪೈಪು ಹೂಳುವುದರೊಳಗೆ ಹೋಗಿ.

ಇನ್ನೊಂದು ಉಳಿದಿದೆ. ಸ್ನೇಹಾಗೂ ಹೇಳಿಲ್ಲ. ಸುನೀತಾ, ಇದು ನಿನಗೆ. ನಿನಗೆ ನೆನಪಿದೆಯೋ ಇಲ್ಲವೋ. ನಾನು ಮರೆತಿಲ್ಲ.

ಗಂಟೆಯ ಸುಳ್ಳು ಹೇಳಿದ ಮರುದಿನ ಬೆಳಿಗ್ಗೆ. ಸ್ನೇಹಾ ಅವತ್ತು ಮಧ್ಯಾಹ್ನದವರೆಗೂ ಚರ್ಚಿನ ಕೋಣೆಯಲ್ಲೇ ಕೂತು ಕೆಲಸ ಮಾಡುವವಳಿದ್ದಳು. ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಐದಕ್ಕೆ ಗಂಟೆ ಹೊಡೆಯಿತು. ಎದ್ದೆ. ನಳದ ಕೆಳಗೆ ಕೊಡ ಇಟ್ಟೆ. ಮೂರು ತುಂಬುವ ಹೊತ್ತಿಗೆ ನೀನು ಬಂದಿ. ಮದುವೆಯಾಗಿ ಎರಡು ತಿಂಗಳಾಗಿತ್ತು ನಿನಗೆ. ಕೈಯಲ್ಲಿ ಇನ್ನೂ ಹಸಿರು ಬಳೆ. ಬೋರಿಂಗಿನಿಂದ ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ನನ್ನ ಕಟ್ಟೆಯ ಮುಂದೆ ನಿಂತಿ.

"ಆಯಿ, ನಮ್ಮ ಓಣಿಗಿ ಬರಕೊಳ್ಳಾಕ ಯಾವಾಗ ಬರ್ತೀರಿ? ನಮ್ಮತ್ತಿ ಚಾಪುಡಿ, ಸಕ್ಕರಿ ತರಿಸಿಟ್ಟು ಎಂಟ್ ದಿನ ಆಯ್ತು. ಎಸ್ತರಿ ಬರ್ತಾಳ, ಎಸ್ತರಿ ಬರ್ತಾಳ ಅಂತ ಬಾಗಲಾಗೇ ಕೂಡ್ತಾಳರಿ."

ನಾನು, "ಎಲ್ಲಾ ಬರದು ಮುಗದದ. ಹೋಗು," ಎಂದೆ.

ನೀನು ಹೋದಿ. ನಾನು ಬಗ್ಗಿ ನಾಲ್ಕನೇ ಕೊಡ ನಳದ ಕೆಳಗೆ ಇಟ್ಟು, ತುಂಬಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.